ಬಿಸಿಲೂರಿನ ಉದ್ಯಾನಕ್ಕೆ ಹುಲ್ಲುಹಾಸಿಗಿಂತ ಹೊಂಗೆ ಬೇಕು

ರಾಯಚೂರಿನಲ್ಲಿ ಬೇಸಿಗೆ, ಕಡುಬೇಸಿಗೆ ಎಂಬ ಎರಡೇ ಕಾಲಗಳಿವೆ ಎಂದು ಹೊರಗಿನವರು ತಮಾಷೆ ಮಾಡಿದಾಗ ನಾವೂ ನಕ್ಕು ಸುಮ್ಮನಾಗುತ್ತೇವೆ. ಆದರೆ ನಮ್ಮ ಬಡಾವಣೆಯ ಉದ್ಯಾನದಲ್ಲಿ ಹನ್ನೆರಡು ವರ್ಷಗಳಿಂದ ಬೆಳಗಿನ ನಡಿಗೆ ತಪ್ಪಿಸದ ನನಗೆ ಕಾಲ ಬದಲಾದದ್ದು ಕಾಲಡಿಯಲ್ಲೇ ತಿಳಿಯುತ್ತದೆ. ಶಿವರಾತ್ರಿಯ ಆಸುಪಾಸಿನಲ್ಲಿ ಒಣಗಿದ ಹೊಂಗೆ ಎಲೆ ಚಪ್ಪಲಿಯಡಿ ಸರಸರ ಎನ್ನುತ್ತದೆ. ಯುಗಾದಿಯ ಹೊತ್ತಿಗೆ ಬೇವಿನ ಹೂವು ರವೆ ಚೆಲ್ಲಿದಂತೆ ಹರಡಿಕೊಂಡಿರುತ್ತದೆ. ಮುಂಗಾರಿನ ದಿನಗಳಲ್ಲಿ ಹಳದಿಗೆ ತಿರುಗಿದ ಬೇವಿನ ಹಣ್ಣು ತುಳಿದು ಕಾಲು ಅಂಟಂಟಾಗುತ್ತದೆ. ದೀಪಾವಳಿಯ ನಂತರವಂತೂ ರಾತ್ರಿ ಅರಳಿ ನಸುಕಿಗೆ ಉದುರಿದ ಆಕಾಶಮಲ್ಲಿಗೆಯನ್ನು ತುಳಿಯಲು ಮನಸ್ಸಾಗದೆ ದಾರಿಯ ಅಂಚು ಹಿಡಿದು ನಡೆಯುತ್ತೇನೆ.

ಹೊಂಗೆ, ಬೇವುಗಳು ಎಲೆ ಉದುರಿಸುವುದು ಬೇಸಿಗೆಯ ಹೊಸ್ತಿಲಲ್ಲಿ. ಮಳೆಗೆ ಕಾಯದೆ, ಆಳಕ್ಕಿಳಿದ ಬೇರಿನಿಂದ ನೀರೆಳೆದು, ಬಿಸಿಲು 40 ಡಿಗ್ರಿ ದಾಟುವಷ್ಟರಲ್ಲಿ ಅವು ಹೊಸ ಎಲೆ ಹೊದ್ದು ನಿಂತಿರುತ್ತವೆ. ಕಳೆದ ವರ್ಷ ಸರಿಯಾಗಿ ಇದೇ ಹೊತ್ತಿನಲ್ಲಿ, ಎಳೆ ಚಿಗುರು ಇನ್ನೂ ಎಣ್ಣೆ ಹಚ್ಚಿದಂತೆ ಮಿರುಗುತ್ತಿರುವಾಗಲೇ, ನಡಿಗೆಯ ದಾರಿಯ ದೊಡ್ಡ ಹೊಂಗೆಯ ಕೊಂಬೆಗಳನ್ನೆಲ್ಲ ಸವರಿ ಹಾಕಿದರು. ಕೆಳಗಿನ ಹುಲ್ಲುಹಾಸಿಗೆ ಬಿಸಿಲು ಬೀಳಬೇಕಂತೆ. ಮಾಲಿಯನ್ನು ಕೇಳಿದರೆ, “ಮ್ಯಾಲಿನೋರು ಹೇಳ್ಯಾರ್ರಿ ಸರ, ನಾವೇನ್ ಮಾಡಬೇಕ್ರಿ” ಎಂದು ಕೊಡಲಿ ಕೆಳಗಿಟ್ಟ. ಮೇ ತಿಂಗಳಲ್ಲಿ ಆ ಹುಲ್ಲಿಗೆ ಟ್ಯಾಂಕರ್ ನೀರು ಹಾಕಿದರು. ಆದರೂ ಅದು ತೆಂಗಿನ ನಾರಿನ ಬಣ್ಣಕ್ಕೆ ತಿರುಗಿತು.

ಈ ಹುಲ್ಲಿನ ವ್ಯಾಮೋಹ ಲಾಲ್‌ಬಾಗ್ ನೋಡಿ ಬಂದದ್ದೆಂಬುದು ನನ್ನ ಗುಮಾನಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಒಪ್ಪುವ ತೋಟ, ಸುಮಾರು 400 ಮೀಟರ್ ಎತ್ತರದ ನಮ್ಮೂರಿಗೂ ಒಪ್ಪಬೇಕೆಂದರೆ ಹೇಗೆ? ಇತ್ತ ಕೃಷ್ಣೆ, ಅತ್ತ ತುಂಗಭದ್ರೆ ಹರಿಯುವ ಎಡೆದೊರೆ ನಾಡಾದರೂ ಬೇಸಿಗೆಯಲ್ಲಿ ಮನೆಯ ನಲ್ಲಿಗೆ ಕಾಯುವವರು ನಾವು. ಹುಲ್ಲು ಬೇಕಾದವರು ಮುನಿರಾಬಾದಿನ ಪಂಪಾವನಕ್ಕೆ ಹೋಗಿ ಬರಲಿ. ಅಲ್ಲಿ ಪಕ್ಕದಲ್ಲೇ ಅಣೆಕಟ್ಟೆಯಿದೆ.

ಬಾಗಿಲಿನ ವೇಳೆಯೂ ಹೀಗೆಯೇ. ವರ್ಷವಿಡೀ ರಾತ್ರಿ ಎಂಟಕ್ಕೆ ಬೀಗ. ಡಿಸೆಂಬರಿನಲ್ಲಿ ಅದು ಸರಿಯೇ. ಆಗ ಏಳಕ್ಕೇ ಶಾಲು ಹೊದ್ದು ಎಲ್ಲರೂ ಮನೆ ಸೇರಿರುತ್ತಾರೆ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಕಲ್ಲುಬೆಂಚು ಕೂರುವಷ್ಟು ತಣ್ಣಗಾಗುವುದೇ ಎಂಟಕ್ಕೆ. ದಿನವಿಡೀ ಕೂಲರ್ ಮುಂದೆ ಕಳೆದ ಮಕ್ಕಳು ಚೆಂಡು ಹಿಡಿದು ಬರುವ ಹೊತ್ತಿಗೆ ಕಾವಲುಗಾರ ಸೀಟಿ ಊದುತ್ತಾನೆ. ಬೇಸಿಗೆಯ ಎರಡು ತಿಂಗಳಾದರೂ ಬೆಳಿಗ್ಗೆ ಐದಕ್ಕೆ ತೆರೆದು ರಾತ್ರಿ ಹತ್ತಕ್ಕೆ ಮುಚ್ಚಲು ಒಬ್ಬ ಕಾವಲುಗಾರನ ಹೆಚ್ಚುವರಿ ಪಾಳಿ ಸಾಕು.

ಕಡಿದ ಹೊಂಗೆ ಈ ಸಲ ಒಂದು ಮಗ್ಗುಲಿಗಷ್ಟೇ ಚಿಗುರಿದೆ. ಅದರ ಕೆಳಗಿನ ಬೆಂಚಿನ ಅರ್ಧಕ್ಕೆ ಮಾತ್ರ ನೆರಳು ಬೀಳುತ್ತದೆ. ಬೆಳಿಗ್ಗೆ ಎಂಟೂವರೆಯ ಮೇಲೆ ನಾವು ನಡಿಗೆಯ ಗೆಳೆಯರು ನಾಲ್ವರೂ ಆ ಅರ್ಧದಲ್ಲೇ ಒತ್ತಿಕೊಂಡು ಕುಳಿತುಕೊಳ್ಳುತ್ತೇವೆ.