ಎರಡನೆಯದಕ್ಕೆ ಎಷ್ಟು ಜಾಗ?

"ಎರಡನೇದಕ್ಕೆ ಎಷ್ಟು ಜಾಗ ಬಿಡಲಿ?" ಎಂದು ನಾನು ಫೋನಿನಲ್ಲಿ ಕೇಳುತ್ತಿದ್ದಾಗ ಸ್ಟಾಫ್ ರೂಮಿನಲ್ಲಿದ್ದ ಇಬ್ಬರು ತಲೆ ಎತ್ತಿ ನೋಡಿದರು. ಒಬ್ಬರಂತೂ ಕೈಯಲ್ಲಿದ್ದ ಉತ್ತರ ಪತ್ರಿಕೆ ಕೆಳಗಿಟ್ಟು ಕಿವಿ ಕೊಟ್ಟರು. ಇದು ಲ್ಯಾಪ್‌ಟಾಪಿನ ವಿಚಾರ ಎಂದು ಗೊತ್ತಾದ ಮೇಲೆ ಅವರ ಮುಖ ಬಾಡಿದ ರೀತಿ ನೋಡಬೇಕಿತ್ತು.

ವಿಷಯ ಇಷ್ಟೆ. ನನ್ನ ಲ್ಯಾಪ್‌ಟಾಪ್ 2017ರದ್ದು. ಕೀಲಿಗಳ ಮೇಲಿನ ಅಕ್ಷರ ಅರ್ಧ ಅಳಿಸಿವೆ. ಅದು ಬಿಟ್ಟರೆ ಯಂತ್ರ ಗಟ್ಟಿಮುಟ್ಟಾಗಿದೆ. ಆದರೆ ಅದರೊಳಗಿದ್ದ ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಎಂದರೆ ಪ್ರೊಸೆಸರ್ ಹಳೆಯದು, ಪಟ್ಟಿಯಲ್ಲಿಲ್ಲ. ಹಾಲು ಕೊಡುವ ಹಸುವನ್ನು ವಯಸ್ಸಾಯಿತು ಎಂದು ಅಟ್ಟಲು ಆಗುತ್ತದೆಯೇ?

"ಉಬುಂಟು ಹಾಕಿಬಿಡಿ ಭಾವ" ಎಂದ ನನ್ನ ಭಾವಮೈದ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲೇ ಇರುವವನು. ಉಬುಂಟು ಅಂದರೆ ವಿಂಡೋಸಿನ ಹಾಗೇ ಯಂತ್ರ ನಡೆಸುವ, ಪುಕ್ಕಟೆಯಾಗಿ ಸಿಗುವ ಇನ್ನೊಂದು ವ್ಯವಸ್ಥೆ.

"ವಿಂಡೋಸ್ ತೆಗೆಯೋ ಹಾಗಿಲ್ಲ ಮಾರಾಯ. ನುಡಿ ಫಾಂಟಿನಲ್ಲಿ ಹೊಡೆದ ಹದಿನೈದು ವರ್ಷದ ಕಡತ ಇದೆ."

ಕನ್ನಡ ಮೇಷ್ಟ್ರ ಕಷ್ಟ ಕನ್ನಡ ಮೇಷ್ಟ್ರಿಗೇ ಗೊತ್ತು. ಯೂನಿಕೋಡ್ ಬರುವ ಮೊದಲಿನ ಅಭ್ಯಾಸದಲ್ಲಿ ಟೈಪ್ ಮಾಡಿದ ಪಾಠ ಟಿಪ್ಪಣಿಗಳು ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಕೊಂಬು, ಮೂತಿಗೆ ಮೀಸೆ ಬಂದು ನಿಲ್ಲುತ್ತವೆ. ಪಂಪನೂ ಅದೇ, ಪರೀಕ್ಷೆ ವೇಳಾಪಟ್ಟಿಯೂ ಅದೇ. ಹಾಗಾಗಿ ಹಳೆಯದೂ ಇರಬೇಕು, ಹೊಸದೂ ಬರಬೇಕು.

"ಹಾಗಾದ್ರೆ ಎರಡೂ ಇಟ್ಕೊಳ್ಳಿ. ಡ್ಯುಯಲ್ ಬೂಟ್. ಆನ್ ಮಾಡುವಾಗ ಯಾವುದು ಬೇಕೋ ಆರಿಸ್ಕೊಳ್ಳೋದು."

"ಎರಡನೇದಕ್ಕೆ ಎಷ್ಟು ಜಾಗ ಬಿಡಲಿ?"

"ನಿಮ್ಮ ಹತ್ರ ಎಷ್ಟಿದೆ?"

ಮದುವೆ ಮನೆಯ ಅಡುಗೆ ಭಟ್ಟರನ್ನು ಎಷ್ಟು ಅಕ್ಕಿ ಬೇಕು ಎಂದು ಕೇಳಿ ನೋಡಿ. ಎಷ್ಟು ಜನ ಬರ್ತಾರೆ ಅನ್ನುತ್ತಾರೆ. ಎಷ್ಟು ಜನ ಬರ್ತಾರೆ ಅಂತ ಗೊತ್ತಿದ್ದರೆ ಇವರನ್ನು ಕೇಳುವುದೇಕೆ?

ಓದಿ ತಿಳಿಯೋಣ ಎಂದು ಕೂತೆ. ಉಬುಂಟು ಮಾಡುವವರು ತಮ್ಮ 24.04 ಆವೃತ್ತಿಗೆ 25 ಜಿಬಿ ಇರಲಿ ಅನ್ನುತ್ತಾರೆ. ಅದೇ ಬಳಗದ ಇನ್ನಿಬ್ಬರಲ್ಲಿ ಲಿನಕ್ಸ್ ಮಿಂಟ್‌ನವರು 20 ಇದ್ದರೆ ನಡೆಯುತ್ತದೆ, ಆರಾಮಾಗಿ ಇರಲು 100 ಬೇಕು ಅನ್ನುತ್ತಾರೆ. ಡೆಬಿಯನ್‌ನವರು 10ಕ್ಕೇ ತೃಪ್ತರು. ವಿಂಡೋಸ್ 11 ಕನಿಷ್ಠ 64 ಕೇಳುತ್ತದೆ. 10ರಿಂದ 100ರವರೆಗೆ! ಸೀರೆ ಅಂಗಡಿಯಲ್ಲಿ ಕೂಡ ಇಷ್ಟು ದೂರದ ಅಂತರ ಒಂದೇ ಕಪಾಟಿನಲ್ಲಿ ಇರುವುದಿಲ್ಲ.

ಮೊದಲು ಹೀಗಿರಲಿಲ್ಲ. ವಿಂಡೋಸ್ 95 ಹದಿಮೂರು ಫ್ಲಾಪಿಗಳಲ್ಲಿ ಬರುತ್ತಿತ್ತು. ಹಾರ್ಡ್ ಡಿಸ್ಕಿನಲ್ಲಿ ಸುಮಾರು 50 ಎಂಬಿ ಕೊಟ್ಟರೆ ಸುಮ್ನೆ ಕೂರುತ್ತಿತ್ತು. 2001ರಲ್ಲಿ ಬಂದ ಎಕ್ಸ್‌ಪಿಗೆ ಒಂದೂವರೆ ಜಿಬಿ. 2009ರ ವಿಂಡೋಸ್ 7ಕ್ಕೆ 16. ಈಗ 64. ಉಬುಂಟುವೇನೂ ಕಮ್ಮಿ ಇಲ್ಲ. ಒಂದು ಕಾಲದಲ್ಲಿ ಕೇಳಿದವರಿಗೆಲ್ಲ ಸಿಡಿಯನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದರು. 2011ರವರೆಗೂ ಆ ಧರ್ಮ ನಡೆಯಿತು. ನನಗೂ ಒಂದು ಬಂದಿತ್ತು. ವಿದೇಶದಿಂದ ಲಕೋಟೆ ಬಂದಿದೆ ಎಂದು ಪೋಸ್ಟ್‌ಮನ್ ಮನೆಯೊಳಗೇ ಬಂದು ಕೊಟ್ಟಿದ್ದರು. ಇಡೀ ವ್ಯವಸ್ಥೆ 700 ಎಂಬಿಯ ಆ ಒಂದು ಬಿಲ್ಲೆಯಲ್ಲಿ ಹಿಡಿಸುತ್ತಿತ್ತು. ಈಗ ಅದನ್ನು ಇಳಿಸಿಕೊಳ್ಳಲು ಹೋದರೆ 6 ಜಿಬಿಯ ಹತ್ತಿರ. 8 ಜಿಬಿಯ ಪೆನ್‌ಡ್ರೈವ್ ಹುಡುಕಬೇಕು.

ಇರಲಿ, ನನ್ನ ಹತ್ತಿರ ಎಷ್ಟಿದೆ ಅಂತ ನೋಡಿದೆ. ಡಬ್ಬದ ಮೇಲೆ 256 ಜಿಬಿ ಎಂದಿತ್ತು. ವಿಂಡೋಸ್ ತೋರಿಸಿದ್ದು 238. ಉಳಿದ 18 ಎಲ್ಲಿ ಹೋಯಿತು ಎಂದು ನಾನು ಈ ಹಿಂದೆಯೂ ತಲೆ ಕೆಡಿಸಿಕೊಂಡಿದ್ದೆ. ಪಹಣಿಯಲ್ಲಿ ಒಂದು ಎಕರೆ ಇದ್ದರೂ ಖರಾಬು ಕಳೆದು ಮೂವತ್ತೇಳು ಗುಂಟೆ ಆಗುತ್ತದಲ್ಲ, ಹಾಗೇನೋ ಅಂದುಕೊಂಡಿದ್ದೆ. ಅಲ್ಲ. ಖರಾಬು ಏನೂ ಇಲ್ಲ, ಅಳತೆಗೋಲೇ ಬೇರೆ. ಡಿಸ್ಕ್ ಮಾಡುವವರಿಗೆ ಒಂದು ಜಿಬಿ ಎಂದರೆ 100 ಕೋಟಿ ಬೈಟು. ವಿಂಡೋಸ್ ಲೆಕ್ಕದಲ್ಲಿ 1024ನ್ನು ಮೂರು ಸಲ ಗುಣಿಸಬೇಕು, ಅಂದರೆ 107 ಕೋಟಿಗೂ ಜಾಸ್ತಿ. ಕೊಡುವಾಗ ಸಣ್ಣ ಸೇರು, ಅಳೆಯುವಾಗ ದೊಡ್ಡ ಸೇರು. ಯಾರೂ ಕದ್ದಿಲ್ಲ, ಆದರೂ ಕಡಿಮೆ.

ಆ 238ರಲ್ಲಿ ಖಾಲಿ ಇದ್ದದ್ದು 92. ಸಂತೋಷವಾಯಿತು. ಅಷ್ಟು ಖಾಲಿ ಇದ್ದರೆ ಅರವತ್ತು ಕೊಡುವುದು ಯಾವ ಲೆಕ್ಕ ಎಂದು ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಸಿ ಡ್ರೈವಿನ ಮೇಲೆ ಬಲ ಕ್ಲಿಕ್ ಮಾಡಿ, ಶ್ರಿಂಕ್ ವಾಲ್ಯೂಮ್, ಅಂದರೆ ಜಾಗ ಕುಗ್ಗಿಸು, ಎಂಬುದನ್ನು ಒತ್ತಿದೆ. ಅದು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ 14 ಸಾವಿರ ಚಿಲ್ಲರೆ ಎಂಬಿ ಮಾತ್ರ ಬಿಡಬಹುದು ಎಂದಿತು. 92 ಖಾಲಿ ಇಟ್ಟುಕೊಂಡು 14 ಕೊಡುತ್ತೇನೆ ಅನ್ನುವುದು ನಮ್ಮ ದೊಡ್ಡಪ್ಪನ ಮಾತಿನ ಹಾಗೇ ಇತ್ತು.

ಜಮೀನು ಪೋಡಿ ಮಾಡಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಲದಲ್ಲಿ ಬೇಕಾದಷ್ಟು ಬಯಲು ಇರಬಹುದು. ಆದರೆ ಪಾಲು ತೆಗೆಯಬೇಕಾದ್ದು ಒಂದು ಅಂಚಿನಿಂದ. ಆ ಅಂಚಿನ ಹತ್ತಿರ ಒಂದು ನಾಗರಕಟ್ಟೆ ಇದ್ದರೆ ಮುಗಿಯಿತು. ಕಟ್ಟೆ ಅಲುಗಾಡಿಸುವ ಹಾಗಿಲ್ಲ. ಈಚೆ ಎಷ್ಟೇ ಖಾಲಿ ಬಿದ್ದಿರಲಿ, ಕಟ್ಟೆಯಿಂದ ಆಚೆಗಿನದು ಮಾತ್ರ ನಿಮ್ಮದು. ವಿಂಡೋಸ್‌ನಲ್ಲೂ ಇಂಥ ಅಲುಗದ ಕಡತಗಳಿವೆ. ಲ್ಯಾಪ್‌ಟಾಪ್ ಗಾಢ ನಿದ್ದೆಗೆ ಹೋಗುವಾಗ ತನ್ನ ನೆನಪನ್ನೆಲ್ಲ ಬರೆದಿಡುವ ಹೈಬರ್‌ನೇಟ್ ಕಡತ ಅದರಲ್ಲೊಂದು. ಸಾಮಾನ್ಯವಾಗಿ ರ‍್ಯಾಮಿನ ನೂರಕ್ಕೆ 40ರಷ್ಟು ಜಾಗ ಹಿಡಿದು ಕುಂಭಕರ್ಣನ ಹಾಗೆ ಮಲಗಿರುತ್ತದೆ. ನನ್ನ 8 ಜಿಬಿ ರ‍್ಯಾಮಿಗೆ ಅದು 3 ಜಿಬಿ ದಾಟಿತ್ತು. ರ‍್ಯಾಮ್ ಸಾಲದಾದಾಗ ಬಳಸುವ ಪೇಜ್ ಫೈಲ್ ಇನ್ನೊಂದು. ಹಿಂದಕ್ಕೆ ಹೋಗಲು ಇಟ್ಟುಕೊಂಡ ರಿಸ್ಟೋರ್ ಗುರುತುಗಳು ಮತ್ತೊಂದು.

ಭಾವಮೈದ ಫೋನಿನಲ್ಲೇ ಒಂದೊಂದನ್ನಾಗಿ ಎಬ್ಬಿಸಿದ. ಹೈಬರ್‌ನೇಟ್ ಆಫ್ ಮಾಡಿಸಿದ. ಪೇಜ್ ಫೈಲನ್ನು ತಾತ್ಕಾಲಿಕವಾಗಿ ತೆಗೆಸಿದ. ರೀಸ್ಟಾರ್ಟ್. ಮತ್ತೆ ನೋಡಿದರೆ 71 ಸಾವಿರ ಎಂಬಿ! ಕಟ್ಟೆ ಕಿತ್ತ ಪಾಪ ತಟ್ಟದಿರಲಿ ಎಂದು ಆಮೇಲೆ ಪೇಜ್ ಫೈಲನ್ನು ವಾಪಸ್ ಕೂರಿಸಿದೆ.

ಈಗ ನಿಜವಾದ ಪ್ರಶ್ನೆ. 71ರಲ್ಲಿ ಎಷ್ಟು ಕೊಡುವುದು? "ಪೂರ್ತಿ ಕೊಡಿ ಭಾವ, ಜುಗ್ಗತನ ಬೇಡ" ಎಂದ ಅವನು. ಅವನದು ಒಂದು ಟಿಬಿ ಡಿಸ್ಕು, ಅವನಿಗೇನು. ನಮ್ಮ ಕಾಲೇಜಿನ ಕಂಪ್ಯೂಟರ್ ವಿಭಾಗದವರು "ಮೂವತ್ತು ಸಾಕು ಸಾರ್, ಜಾಸ್ತಿ ಕೊಟ್ರೆ ಆ ಕಡೆ ಇಕ್ಕಟ್ಟಾಗುತ್ತೆ" ಅಂದರು. ಕಡಿಮೆ ಕೊಟ್ಟು ಆಮೇಲೆ ಹೆಚ್ಚಿಸಬಹುದಲ್ಲ ಎಂದರೆ ಅದು ಅಷ್ಟು ಸುಲಭವಿಲ್ಲ. ವಿಂಡೋಸನ್ನು ಮತ್ತೆ ಕುಗ್ಗಿಸಿದರೆ ಜಾಗ ಬರುವುದು ಉಬುಂಟುವಿನ ಎಡಕ್ಕೆ. ಅಲ್ಲಿಗೆ ಹರಡಿಕೊಳ್ಳಬೇಕಾದರೆ ಒಳಗಿರುವ ಅಷ್ಟೂ ಸಾಮಾನು ಎಡಕ್ಕೆ ಸರಿಯಬೇಕು. ಅದೂ ಮನೆಯಲ್ಲಿ ಯಾರೂ ಇಲ್ಲದಾಗ, ಅಂದರೆ ಪೆನ್‌ಡ್ರೈವಿನಿಂದ ಬೂಟ್ ಮಾಡಿಕೊಂಡು. ಗಂಟೆಗಟ್ಟಲೆ ಹಿಡಿಯುವ ಕೆಲಸ. ನಡುವೆ ಕರೆಂಟು ಹೋಯಿತೋ, ಬ್ಯಾಟರಿಯೂ ಕೈಕೊಟ್ಟಿತೋ, ದೇವರೇ ಗತಿ.

60 ಎಂದು ತೀರ್ಮಾನಿಸಿದೆ. 60ನ್ನು 1024ರಿಂದ ಗುಣಿಸಿ 61440 ಎಂದು ಆ ಬಾಕ್ಸಿನಲ್ಲಿ ಟೈಪ್ ಮಾಡಿದೆ. ಕಲ್ಲು ನೆಟ್ಟಾಯಿತು.

ಉಬುಂಟು ಹಾಕಿದ ಮೇಲೆ ಒಂದು ಚಂದದ ಆಶ್ಚರ್ಯ ಕಾದಿತ್ತು. ಅದರ ಅಳತೆಗೋಲು ಡಿಸ್ಕ್ ಮಾಡಿದವರದ್ದೇ. ಹಾಗಾಗಿ ಅಲ್ಲಿಂದ ನೋಡಿದರೆ ನನ್ನ ಡಿಸ್ಕು ಮತ್ತೆ 256, ನಾನು ಕೊಟ್ಟ 60 ಅಲ್ಲಿ 64! ಕುಳಿತಲ್ಲೇ ನಾಲ್ಕು ಜಿಬಿ ಲಾಭ. ಹಾಗಂತ ಹಿಗ್ಗುವ ಹಾಗೂ ಇಲ್ಲ. ಎಷ್ಟೇ ತುಂಬಿದರೂ ವ್ಯವಸ್ಥೆ ಉಸಿರಾಡಲಿ ಎಂದು ಅದು ನೂರಕ್ಕೆ 5ರಷ್ಟನ್ನು ಮೊದಲೇ ಮುಡಿಪು ತೆಗೆದಿಟ್ಟುಬಿಡುತ್ತದೆ.

ಇನ್ನೊಂದು ವಿಚಿತ್ರ ಗಡಿಯಾರದ್ದು. ಉಬುಂಟುವಿನಲ್ಲಿ ಕೆಲಸ ಮುಗಿಸಿ ಮಾರನೇ ದಿನ ಬೆಳಗ್ಗೆ ಹತ್ತಕ್ಕೆ ವಿಂಡೋಸ್ ತೆರೆದರೆ ಗಂಟೆ ನಾಲ್ಕೂವರೆ ಎಂದಿತು. ಯಂತ್ರದೊಳಗಿನ ಗಡಿಯಾರ ಒಂದೇ. ವಿಂಡೋಸ್ ಅದನ್ನು ಸ್ಥಳೀಯ ಸಮಯ ಅಂದುಕೊಳ್ಳುತ್ತದೆ. ಉಬುಂಟು ಅದರಲ್ಲಿ ವಿಶ್ವ ಸಮಯ ಬರೆದಿಟ್ಟು, ನಮ್ಮ ಐದೂವರೆ ಗಂಟೆಯನ್ನು ತಾನೇ ಕೂಡಿಕೊಳ್ಳುತ್ತದೆ. ಒಂದೇ ಗೋಡೆ ಗಡಿಯಾರ ನೋಡಿ ಒಬ್ಬರು ತಿಂಡಿಗೆ ಕೂತರೆ ಇನ್ನೊಬ್ಬರು ಮಗ್ಗುಲು ಬದಲಿಸಿದ ಹಾಗೆ. ಉಬುಂಟುವಿಗೆ ನೀನೂ ಸ್ಥಳೀಯ ಸಮಯವನ್ನೇ ಬರೆ ಎಂದು ಒಂದು ಸಾಲಿನ ಆಜ್ಞೆ ಕೊಟ್ಟು ರಾಜಿ ಮಾಡಿಸಿದೆ.

ಎರಡರ ನಡುವಿನ ಸಂಬಂಧ ಮಾತ್ರ ಒಮ್ಮುಖ. ಉಬುಂಟುವಿನಿಂದ ವಿಂಡೋಸಿನ ಕಡತಗಳೆಲ್ಲ ಕಾಣುತ್ತವೆ, ಹೋಗಿ ತರಬಹುದು, ಇಡಬಹುದು. ವಿಂಡೋಸಿಗೆ ಆ ಕಡೆ ಬರೀ ಗೋಡೆ. ತನ್ನ ಪಕ್ಕದಲ್ಲಿ ಹೆಸರಿಲ್ಲದ ಒಂದು ಪಟ್ಟಿ ಇದೆ ಎಂದಷ್ಟೇ ಅದಕ್ಕೆ ಗೊತ್ತು. ಹಾಗಾಗಿ ಫೋಟೊ, ಹಾಡು, ಪಾಠ ಎಲ್ಲ ವಿಂಡೋಸ್ ಕಡೆಯೇ ಇರಲಿ, ಈ ಕಡೆ ನಾನು ಒಂಟಿಯಾಗಿ, ಹಗುರವಾಗಿ ಇರುತ್ತೇನೆ ಎಂದು ನಿರ್ಧರಿಸಿದ್ದೆ. ಹಾಕಿದ ದಿನ ಉಬುಂಟು ತಿಂದದ್ದು 12 ಜಿಬಿ ಚಿಲ್ಲರೆ. ಖಾಲಿ ಮನೆಯಲ್ಲಿ ಮಾತಾಡಿದರೆ ಪ್ರತಿಧ್ವನಿ ಬರುವಷ್ಟು ಜಾಗ.

ನಾಲ್ಕು ತಿಂಗಳಾದ ಮೇಲೆ ಒಂದು ದಿನ ನೋಡುತ್ತೇನೆ, 49!

ಮೊದಲು ಉಬುಂಟುವನ್ನೇ ಬೈದೆ. ಅದಕ್ಕೂ ಸ್ವಲ್ಪ ಕೂಡಿಡುವ ಚಟ ಇದೆ. ವ್ಯವಸ್ಥೆಯ ತಿರುಳಾದ ಕರ್ನಲ್ ಹೊಸದು ಬಂದರೂ ಹಳೆಯದನ್ನು ಎಸೆಯುವುದಿಲ್ಲ, ಹೊಸದು ಕೈಕೊಟ್ಟರೆ ಬೇಕಾದೀತು ಎಂದು ಇಟ್ಟುಕೊಳ್ಳುತ್ತದೆ. ಸ್ನ್ಯಾಪ್ ಎಂಬ ಪೊಟ್ಟಣದಲ್ಲಿ ಬರುವ ತಂತ್ರಾಂಶಗಳದ್ದೂ ಅದೇ ಕಥೆ, ಹಿಂದಿನ ಆವೃತ್ತಿ ಪಕ್ಕದಲ್ಲೇ ಕೂತಿರುತ್ತದೆ. ನಮ್ಮಮ್ಮ ಗ್ಯಾಸ್ಕೆಟ್ ಹೋದ ಕುಕ್ಕರನ್ನು ಅಟ್ಟದ ಮೇಲೆ ಇಟ್ಟಿದ್ದಾರಲ್ಲ, ಥೇಟ್ ಹಾಗೆ. ಗುಡಿಸಿದೆ. 3 ಜಿಬಿ ಸಿಕ್ಕಿತು. ಉಳಿದದ್ದು?

ಜಾಗ ಯಾರು ತಿಂದರು ಎಂದು ಹುಡುಕಲು ಉಬುಂಟುವಿನಲ್ಲಿ ಒಂದು ಪುಟ್ಟ ಸಾಧನ ಇದೆ. ಬಣ್ಣಬಣ್ಣದ ಬಳೆಗಳ ಹಾಗೆ ಫೋಲ್ಡರುಗಳನ್ನು ತೋರಿಸುತ್ತದೆ. ಅದರ ಒಳಗಿನ ಹೆಸರು ಬಾವೋಬಾಬ್. ನಮ್ಮ ಸವಣೂರಿನಲ್ಲಿ ದೊಡ್ಡ ಹುಣಸೆ ಅನ್ನುತ್ತಾರಲ್ಲ, ಆನೆಯಂಥ ಕಾಂಡದ ಮರ, ಅದೇ. ಹೆಸರಿಟ್ಟವನಿಗೆ ದಪ್ಪ ಅಂದರೆ ಏನು ಅಂತ ಗೊತ್ತಿತ್ತು. ಓಡಿಸಿದೆ. ಡೌನ್‌ಲೋಡ್ಸ್ ಎಂಬ ಒಂದೇ ಬಳೆ ಪರದೆಯ ಅರ್ಧ ಆವರಿಸಿತು. ಒಳಗೆ ಹೋದರೆ ಭಜನಾ ಮಂಡಳಿಯ ವಿಡಿಯೊಗಳು. ದಾಸರ ಪದ. ಕೋಲಾಟದ ರಿಹರ್ಸಲ್. ಕೋಲಾಟದ ರಿಹರ್ಸಲ್ಲೇ ಇನ್ನೊಂದು ಕೋನದಿಂದ. ಗೋದಿ ಹಲ್ವ ಮಾಡುವ ವಿಧಾನ, ನಲವತ್ತೆರಡು ನಿಮಿಷದ್ದು.

"ಇದೇನೇ? ನೀನು ಉಬುಂಟು ಬಳಸ್ತೀಯಾ?" ಎಂದು ಅಡುಗೆ ಮನೆ ಕಡೆಗೆ ಕೂಗಿದೆ.

"ಅದೇನ್ರೀ ಅದು?"

"ಲ್ಯಾಪ್‌ಟಾಪ್ ಆನ್ ಮಾಡಿದಾಗ ಒಂದು ಕಪ್ಪು ಪರದೆ ಬರುತ್ತಲ್ಲ, ಅಲ್ಲಿ ಏನು ಒತ್ತುತ್ತೀಯ?"

"ನಾನೇನೂ ಒತ್ತಲ್ಲಪ್ಪ. ಹತ್ತು ಸೆಕೆಂಡ್ ಸುಮ್ನೆ ಕೂತ್ರೆ ತಾನೇ ಬರುತ್ತೆ."

ಹೌದು. ಪಟ್ಟಿಯಲ್ಲಿ ಮೊದಲ ಹೆಸರು ಉಬುಂಟುವಿನದು. ಯಾರೂ ಏನೂ ಒತ್ತದಿದ್ದರೆ ಹತ್ತು ಸೆಕೆಂಡಿಗೆ ಅದೇ ಏಳುತ್ತದೆ. ಎರಡಕ್ಕೂ ಒಂದೇ ಪಾಸ್‌ವರ್ಡ್ ಇಟ್ಟ ಬುದ್ಧಿವಂತ ನಾನೇ. ನಾನು ವಿಂಡೋಸಿನಲ್ಲಿ ಮೀಸೆ ಬಂದ ಅಕ್ಷರ ತಿದ್ದುತ್ತಾ ಕೂತಿದ್ದಾಗಲೆಲ್ಲ ಆ ಕಡೆ ಸಂಸಾರ ಹೂಡಿದ್ದು ಇವಳು.

"ಮೊದಲಿಗಿಂತ ಚುರುಕಾಗಿದೆ ರೀ ಈಗ. ಸರಿ ಮಾಡಿಸಿದ್ರಾ?" ಎಂದು ಸೆರಗಿಗೆ ಕೈ ಒರೆಸುತ್ತಾ ಬಂದು ಪರದೆ ನೋಡಿದಳು. "ಜಾಗ ಸಾಲ್ತಾ ಇಲ್ಲ ಅಂತಾನೂ ಒಂದೆರಡು ಸಲ ಬಂದಿತ್ತು. ನಿಮಗೆ ಹೇಳೋಣ ಅಂತಿದ್ದೆ."

ಭಾವಮೈದನಿಗೆ ಫೋನ್ ಹಚ್ಚಿದೆ. "ನಿಮ್ಮಕ್ಕನಿಗೆ ಎಷ್ಟು ಜಿಬಿ ಬೇಕಾಗಬಹುದೋ?" ಎಂದು ಕೇಳಿದೆ.

"ನಿಮ್ಮ ಹತ್ರ ಎಷ್ಟಿದೆ ಭಾವ?" ಎಂದ.