ಊಟದಂತೆ ಆರೈಕೆಯ ಗಂಟೆಗೂ ಹಕ್ಕಿರಲಿ

ನಮ್ಮ ಅಂಗನವಾಡಿಯನ್ನು ಬರ್ಲಿನ್ನಿನ ಶಿಶುವಿಹಾರದ ಪಕ್ಕದಲ್ಲಿಟ್ಟು ನೋಡೋಣ. ಬರ್ಲಿನ್ನಿನಲ್ಲಿ ಕಿಟಾ ಎಂದು ಕರೆಯುವ ಶಿಶುವಿಹಾರದ ಸರ್ಕಾರಿ ಹಣ ನಡೆಯುವುದು ಗಂಟೆಯ ಲೆಕ್ಕದಲ್ಲಿ. ಮಗುವನ್ನು ಸೇರಿಸುವ ದಿನಕ್ಕೆ ಎರಡು ತಿಂಗಳಾದರೂ ಮುಂಚೆ ಯೂಗೆಂಡಾಮ್ಟ್ ಎಂಬ ಮಕ್ಕಳ ಕಲ್ಯಾಣ ಕಚೇರಿಗೆ ಅರ್ಜಿ ಹಾಕಬೇಕು. ಅಲ್ಲಿಂದ ಬರುವ ಚೀಟಿಯ ಹೆಸರು ಕಿಟಾ-ಗುಟ್‌ಶೈನ್. ದಿನಕ್ಕೆ ಐದರಿಂದ ಏಳು ಗಂಟೆಯೋ, ಏಳರಿಂದ ಒಂಬತ್ತೋ ಎಂಬುದು ಅದರಲ್ಲೇ ಇರುತ್ತದೆ. ತಂದೆತಾಯಿ ಇಬ್ಬರೂ ದುಡಿಯುವವರಾದರೆ ಪುರಾವೆ ಕೊಟ್ಟು ಹೆಚ್ಚು ಗಂಟೆ ಪಡೆಯಬಹುದು. ಚೀಟಿಯನ್ನು ಕಿಟಾಗೆ ಕೊಟ್ಟರೆ ಅನುದಾನ ಅಲ್ಲಿಗೆ ಹೋಗುತ್ತದೆ. ಮಕ್ಕಳ ವಯಸ್ಸು ಮತ್ತು ಗಂಟೆ ನೋಡಿಯೇ ಸಿಬ್ಬಂದಿ ಎಷ್ಟಿರಬೇಕೆಂದು ನಿಗದಿಯಾಗುತ್ತದೆ. 2018ರ ಆಗಸ್ಟಿನಲ್ಲಿ ಶುಲ್ಕವನ್ನು ಪೂರ್ತಿ ತೆಗೆದರು; ಆಗ ಊಟಕ್ಕೆ ಮಾತ್ರ ತಿಂಗಳಿಗೆ 23 ಯೂರೊ ಉಳಿಯಿತು.

ಆದರೆ ಚೀಟಿ ಸಿಕ್ಕಿತೆಂದರೆ ಜಾಗ ಸಿಕ್ಕಿತೆಂದಲ್ಲ. ಕಿಟಾದಿಂದ ಕಿಟಾಗೆ ಅಲೆದು ಜಾಗ ಹುಡುಕುವ ಹೊರೆ ತಂದೆತಾಯಿಯದೇ. ಒಂದು ವರ್ಷ ತುಂಬಿದ ಮಗುವಿಗೆ 2013ರ ಆಗಸ್ಟ್ 1ರಿಂದ ಜರ್ಮನಿಯಲ್ಲೆಲ್ಲ ಜಾಗದ ಹಕ್ಕಿದೆ. ಆಡಳಿತದ ತಪ್ಪಿನಿಂದ ಅದು ಸಿಗದೆ ಸಂಬಳ ಕಳೆದುಕೊಂಡವರು ಪರಿಹಾರ ಕೇಳಬಹುದೆಂದು 2016ರಲ್ಲಿ ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ ತೀರ್ಪಿತ್ತಿತು. ಆ ತೀರ್ಪಿನ ಬಲವೇ ನನಗೆ ದೊಡ್ಡದಾಗಿ ಕಾಣುವುದು.

1975ರಲ್ಲಿ ಶುರುವಾದ ನಮ್ಮ ಅಂಗನವಾಡಿಯಲ್ಲಿ ಹುಡುಕಾಟದ ಈ ಪಾಡಿಲ್ಲ. ಕೇಂದ್ರ ಮನೆಯ ಹತ್ತಿರವೇ ಇರುತ್ತದೆ. ಕಾರ್ಯಕರ್ತೆಯೇ ಮನೆಗೆ ಬಂದು ಬಸುರಿ, ಬಾಣಂತಿಯರನ್ನು ವಿಚಾರಿಸುತ್ತಾರೆ, ಮಗುವಿನ ತೂಕ ಬರೆದಿಡುತ್ತಾರೆ, ಲಸಿಕೆಯ ದಿನ ನೆನಪಿಸುತ್ತಾರೆ. ಇದನ್ನು ಬರ್ಲಿನ್ ನಮ್ಮಿಂದ ಕಲಿಯಬೇಕು. 2013ರ ಆಹಾರ ಭದ್ರತಾ ಕಾಯ್ದೆಯಿಂದ ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಅಲ್ಲಿನ ಊಟ ಹಕ್ಕೂ ಆಗಿದೆ. ಆರೈಕೆಯ ಗಂಟೆ ಹಾಗಲ್ಲ. ಕೇಂದ್ರ ಬಾಗಿಲು ಹಾಕಿದ ಮೇಲೂ ಕೂಲಿಗೆ ಹೋದ ತಾಯಿ ಗದ್ದೆಯಲ್ಲೇ ಇರುತ್ತಾಳೆ.

ಅಂಗನವಾಡಿಗೆ ಹಣ ಎಲ್ಲಿ ಸಾಲದಾಗುತ್ತದೆ ಎಂಬುದೂ ಸ್ಪಷ್ಟ. 2017ರಲ್ಲಿ ಒಂದು ಮಗುವಿನ ಪೌಷ್ಟಿಕ ಆಹಾರಕ್ಕೆ ದಿನಕ್ಕೆ 8 ರೂಪಾಯಿ ಎಂದು ನಿಗದಿಯಾಯಿತು. ಬೇಳೆ, ಎಣ್ಣೆಯ ಬೆಲೆ ಏರಿದರೂ ವರ್ಷಗಟ್ಟಲೆ ಆ ದರ ಕದಲಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಕಾರ್ಯಕರ್ತೆಗೆ ಗೊತ್ತು ಮಾಡಿದ್ದು ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ರಾಜ್ಯ ತನ್ನ ಪಾಲು ಸೇರಿಸುತ್ತದೆ. ಅದಕ್ಕಿಟ್ಟ ಹೆಸರು ಗೌರವಧನ. ಸಂಬಳ ಅಂದಿದ್ದರೆ ಹೆಚ್ಚುವರಿ ಗಂಟೆಗೆ ಹೆಚ್ಚುವರಿ ಹಣ ಕೊಡಬೇಕಾಗುತ್ತಿತ್ತು. ಅಡುಗೆ, ದಾಖಲೆ, ಮನೆಭೇಟಿ, ಪಾಠ ಎಲ್ಲವನ್ನೂ ಇಬ್ಬರು ಹೆಂಗಸರ ಮೇಲೆ ಹೊರಿಸಿ ಸಂಜೆಯವರೆಗೂ ತೆರೆದಿಡಿ ಅನ್ನುವುದು ಅನ್ಯಾಯ.

ಹಾಗಾಗಿ ಆಹಾರದ ದರ ಪ್ರತಿವರ್ಷ ಬೆಲೆಸೂಚ್ಯಂಕದ ಜೊತೆ ಏರಲಿ, ಮೂರನೆಯ ಕೈಯೊಂದಕ್ಕೆ ಸಂಬಳ ಇಡಲಿ. ಬಾಗಿಲು ತೆರೆದಿರುವ ಹೊತ್ತನ್ನು ತಾಯಂದಿರ ದುಡಿಮೆಯ ಹೊತ್ತು ನೋಡಿ ನಿಗದಿ ಮಾಡಲಿ.