ಪ್ಯಾಕಿಂಗ್ ಹೋಗಿದೆ ಸಾರ್

ಮೊದಮೊದಲು ನಮ್ಮ ಕಾರು ಬೆಳಿಗ್ಗೆ ಮಾತ್ರ ಸದ್ದು ಮಾಡುತ್ತಿತ್ತು. ಕೀ ತಿರುಗಿಸಿದ ಕೂಡಲೇ ಟಿಕ್ ಟಿಕ್ ಟಿಕ್, ಹಲ್ಲಿ ಲೊಚಗುಟ್ಟಿದ ಹಾಗೆ. ನಮ್ಮ ಕ್ರಾಸ್ ದಾಟಿ ಮೇನ್ ರೋಡ್ ಸೇರುವಷ್ಟರಲ್ಲಿ ನಿಂತುಹೋಗುತ್ತಿತ್ತು. ತಾನಾಗಿ ಬಂದಿದ್ದು ತಾನಾಗಿ ಹೋಗುತ್ತದೆ ಅಂತ ಸುಮ್ಮನಿದ್ದೆ. ಮಂಡಿ ನೋವಿಗೂ ನಾನು ಮಾಡುವ ಔಷಧಿ ಇದೇ.

ಮೂರು ತಿಂಗಳಲ್ಲಿ ಟಿಕ್ ಟಿಕ್ ಹೋಗಿ ಡಬ ಡಬ ಆಯಿತು. ಸೆಕೆಂಡ್ ಗೇರಿನಲ್ಲಿ ಸ್ವಲ್ಪ ಒತ್ತಿದರೆ ಗದ್ದೆಯಲ್ಲಿ ಟಿಲ್ಲರ್ ಓಡಿಸಿದ ಹಾಗೆ. 18 ವರ್ಷದ ಪುಟ್ಟ ಕಾರು ಅದು. ಕಂಪನಿ ಹೆಸರು ಬೇಡ ಬಿಡಿ, ಮುಂದೆ ಆಗಿದ್ದರಲ್ಲಿ ಅವರ ತಪ್ಪೇನೂ ಇಲ್ಲ. ಮನೆಯವರಿಗಂತೂ ಈ ಸದ್ದಿನಿಂದ ಅನುಕೂಲವೇ ಆಗಿತ್ತು. ನಾನು ಹಾಲಿನ ಬೂತ್ ಹತ್ತಿರ ತಿರುಗುವಾಗಲೇ ಅವರಿಗೆ ಗೊತ್ತಾಗುತ್ತಿತ್ತು. ಗೇಟಿಗೆ ಬರುವಷ್ಟರಲ್ಲಿ ಟೀವಿ ಆಫ್, ಮಗನ ಕೈಯಲ್ಲಿ ಪುಸ್ತಕ, ಒಲೆ ಮೇಲೆ ಕಾಫಿಗೆ ಹಾಲು.

ಕೊನೆಗೆ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಬಾನೆಟ್ ಎತ್ತಿ, ತನ್ನ ಹುಡುಗನಿಗೆ ಹೇಳಿ ಹಿಂದೆ ಸೈಲೆನ್ಸರ್ ಬಾಯಿಗೆ ಒಂದು ಕ್ಷಣ ದಪ್ಪ ಬಟ್ಟೆ ಅದುಮಿಸಿದ. ಅಲ್ಲಿ ಬಾಯಿ ಮುಚ್ಚಿದ್ದೇ ತಡ, ಇಲ್ಲಿ ಎಂಜಿನ್ ಪಕ್ಕದಿಂದ ಫಸ್ ಫಸ್ ಅಂತ ಹೊಗೆ.

"ಪ್ಯಾಕಿಂಗ್ ಹೋಗಿದೆ ಸಾರ್."

ಪುಸ್ತಕದಲ್ಲಿ ಅದು ಎಕ್ಸಾಸ್ಟ್ ಗ್ಯಾಸ್ಕೆಟ್. ಗ್ಯಾರೇಜಿನಲ್ಲಿ ಎಲ್ಲ ಗ್ಯಾಸ್ಕೆಟ್ಟೂ ಪ್ಯಾಕಿಂಗೇ. ಎಂಜಿನ್ನಿನ ಹೊಗೆ ಮೊದಲು ಬಂದು ಸೇರುವ ಮ್ಯಾನಿಫೋಲ್ಡಿಗೂ, ಅಲ್ಲಿಂದ ಹಿಂದಕ್ಕೆ ಹೋಗುವ ಪೈಪಿಗೂ ನಡುವೆ ಕೂತಿರುವ ತೆಳ್ಳನೆ ಬಿಲ್ಲೆ ಅದು. ಅದು ಸುಟ್ಟು ಹರಿದರೆ ಹೊಗೆ ಸೈಲೆನ್ಸರ್ ತನಕ ಹೋಗುವ ಗೋಜಿಗೇ ಹೋಗುವುದಿಲ್ಲ, ಸಿಕ್ಕ ಸಂದಿಯಲ್ಲೇ ನುಗ್ಗುತ್ತದೆ. ಕಬ್ಬಿಣ ಕಾದು ಹಿಗ್ಗಿದಾಗ ಸಂದಿ ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಮೇನ್ ರೋಡಿಗೆ ಬಂದಾಗ ಸದ್ದು ನಿಲ್ಲುತ್ತಿದ್ದ ಗುಟ್ಟು ಇದು. ನಾನು ಗಣಪತಿ ಗುಡಿ ಮುಂದೆ ಹಾದುಹೋಗುತ್ತಿದ್ದೆನಲ್ಲ, ಅದರ ಮಹಿಮೆ ಅಂದುಕೊಂಡಿದ್ದೆ.

"ತಡ ಮಾಡ್ಬೇಡಿ ಸಾರ್. ಆ ಹೊಗೆ ಕಾರೊಳಗೆ ಬಂದ್ರೆ ಡೇಂಜರ್. ಅದ್ರಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆನೇ ಇರಲ್ಲ. ಸುಮ್ನೆ ನಿದ್ದೆ ಬಂದಂಗಾಗುತ್ತೆ. 1200 ಆಗುತ್ತೆ."

ಪ್ಯಾಕಿಂಗ್ ಬೆಲೆ ಎಷ್ಟಪ್ಪಾ ಅಂದೆ. 180 ಅಂದ. ಮಿಕ್ಕ 1020 ರೂಪಾಯಿ ಎರಡು ನಟ್ಟು ಬಿಚ್ಚಿ ಹಾಕೋದಕ್ಕಾ? ನನ್ನೊಳಗಿನ ಮಧ್ಯಮ ವರ್ಗ ಎದ್ದು ನಿಂತಿತು. ಆವತ್ತು ರಾತ್ರಿ ಯೂಟ್ಯೂಬಿನಲ್ಲಿ ಒಬ್ಬ ಅದೇ ಕೆಲಸವನ್ನು ಎಂಟು ನಿಮಿಷದಲ್ಲಿ ಮಾಡಿದ. ಅವನ ಕೈಗೆ ಮಸಿ ಕೂಡ ಆಗಲಿಲ್ಲ.

ಬೆಂಗಳೂರಿನಲ್ಲಿ ಬಿಡಿಭಾಗ ಅಂದರೆ ಜೆ.ಸಿ. ರೋಡು. ಟೌನ್‌ಹಾಲಿನಿಂದ ಮಿನರ್ವ ಸರ್ಕಲ್ ಕಡೆ ನಡೆದರೆ ಕಾರಿನ ಕಿವಿ, ಮೂಗು, ಕರುಳು ಎಲ್ಲ ಸಿಗುತ್ತವೆ. ಜಯಚಾಮರಾಜೇಂದ್ರ ಒಡೆಯರ್ ಹೆಸರಿನ ರಸ್ತೆ ಅದು. ಅವರು 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಅವರ ಹೆಸರಿನ ರಸ್ತೆಗೆ ನಾನು ಡಬ ಡಬ ಅಂತ ಬಂದು ಇಳಿದೆ. ರವೀಂದ್ರ ಕಲಾಕ್ಷೇತ್ರದ ಮುಂದೆ ಸಿಗ್ನಲ್ಲಿನಲ್ಲಿ ನಿಂತಾಗ ನನಗೇ ನಾಚಿಕೆಯಾಗಿ ನ್ಯೂಟ್ರಲ್ ಮಾಡಿದೆ.

ಅಂಗಡಿಯವರು ಮಾಡೆಲ್ ಕೇಳಿದರು, ವರ್ಷ ಕೇಳಿದರು, ಗೋಡೆಗೆ ನೇತುಹಾಕಿದ ಬಳೆಗಳ ಹಾಗಿದ್ದ ಗೊಂಚಲಿನಿಂದ ಒಂದನ್ನು ಕಿತ್ತುಕೊಟ್ಟರು. ಆಗಲೇ ಅಮ್ಮನ ಫೋನು.

"ಗ್ಯಾಸ್ಕೆಟ್ ತರಕ್ಕೆ ಹೋಗಿದೀಯಂತೆ. ನಮ್ಮ ಕುಕ್ಕರಿಂದೂ ಲೀಕಾಗ್ತಿದೆ, ಹಂಗೇ ಒಂದು ತಗೊಂಡ್ಬಾ. ಐದು ಲೀಟರಿಂದು."

"ಅಮ್ಮ, ಇದು ಬೇರೆ ಗ್ಯಾಸ್ಕೆಟ್."

"ಎಲ್ಲಾ ಒಂದೇ ಕಣೋ, ಆವಿ ಹೋಗದೇ ಇದ್ರೆ ಆಯ್ತು."

ತಪ್ಪೇನು ಹೇಳಿದರು? ತುಕ್ಕು ಬಿಡಿಸುವ ಸ್ಪ್ರೇ 350, ರಿಂಗ್ ಸ್ಪ್ಯಾನರ್ ಸೆಟ್ 640, ಪ್ಯಾಕಿಂಗ್ 180. ಕುಕ್ಕರಿಂದು 90, ಅದನ್ನು ಬರುವಾಗ ಪಾತ್ರೆ ಅಂಗಡಿಯಲ್ಲಿ ತಗೊಂಡೆ. ಉಳಿತಾಯ ಶುರುವಾಗಿತ್ತು.

ಶನಿವಾರ ರಾತ್ರಿ ನಟ್ಟುಗಳಿಗೆ ಸ್ಪ್ರೇ ಹೊಡೆದು ನೆನೆಯಲು ಬಿಟ್ಟೆ, ದೋಸೆಗೆ ಅಕ್ಕಿ ನೆನೆಹಾಕಿದ ಹಾಗೆ. ಭಾನುವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಕೆಲಸ. ನಮ್ಮದು 30x40 ಸೈಟು. ಪೋರ್ಟಿಕೋದಲ್ಲಿ ಕಾರು ನಿಂತರೆ ಮನುಷ್ಯ ಅಡ್ಡಡ್ಡ ನಡೆಯಬೇಕು. ಹಿಂದಿನ ಚಕ್ರಕ್ಕೆ ಮನೆ ಕಟ್ಟಿದಾಗ ಉಳಿದ ಸೈಜುಗಲ್ಲು ಕೊಟ್ಟೆ, ಮುಂದೆ ಜಾಕ್ ಏರಿಸಿ ಸ್ಟ್ಯಾಂಡ್ ಇಟ್ಟೆ. ಸ್ಟ್ಯಾಂಡ್ ಎದುರು ಮನೆ ಮೇಷ್ಟ್ರದು. ರಿಟೈರ್ ಆದಮೇಲೆ ಅವರ ಹತ್ತಿರ ಇಲ್ಲದ ಸಾಮಾನಿಲ್ಲ. ನೆಲಕ್ಕೆ ಹಾಸಲು ಒಂದು ಹಳೇ ಫ್ಲೆಕ್ಸ್ ಸಿಕ್ಕಿತು. ಯಾರೋ ನಾಯಕರಿಗೆ ಹುಟ್ಟುಹಬ್ಬದ ಶುಭಾಶಯ. ಅವರ ನಗುಮುಖದ ಮೇಲೆ ಬೆನ್ನು ಊರಿ, ಕಣ್ಣಿಗೆ ತುಕ್ಕು ಬೀಳದ ಹಾಗೆ ಮಗನ ಈಜು ಕನ್ನಡಕ ಹಾಕಿಕೊಂಡು ಒಳಗೆ ಸರಿದೆ.

ಕಾರಿನ ಕೆಳಗೆ ಮಲಗಿದರೆ ಲೋಕವೆಲ್ಲ ಚಪ್ಪಲಿ. ಹವಾಯಿ ಅಂದರೆ ಮೇಷ್ಟ್ರು. ಹಿಮ್ಮಡಿ ಸವೆದದ್ದು ಹೂವಿನವಳು. ಬೀದಿಯಲ್ಲಿ ಹೋದವರೆಲ್ಲ ನಿಂತು ನನ್ನ ಪಾದಗಳನ್ನೇ ಮಾತಾಡಿಸಿದರು.

"ಏನ್ ಸ್ವಾಮಿ, ಕೆಲಸ ಜೋರಾ?"

ಪಾದಗಳನ್ನೇ ಅಲ್ಲಾಡಿಸಿ ಉತ್ತರ ಕೊಟ್ಟೆ.

ಮೊದಲನೇ ನಟ್ಟು ಮರ್ಯಾದಸ್ಥ. ಹತ್ತು ನಿಮಿಷ ಕಿರಗುಟ್ಟಿತು, ಕೆಂಪು ಪುಡಿ ಉದುರಿಸಿತು, ಬಂತು. ಅಂಗೈಯಲ್ಲಿಟ್ಟು ನೋಡಿದೆ. ಮೂಲೆಗಳೆಲ್ಲ ಕರಗಿ ತಿಂದುಳಿದ ಕಲ್ಲುಸಕ್ಕರೆ ಥರ ಆಗಿತ್ತು. ವರ್ಷಗಟ್ಟಲೆ ದಿನಾ ನೂರಾರು ಡಿಗ್ರಿ ಕಾದು, ಆರಿ, ಮಳೆಗಾಲದಲ್ಲಿ ನೆನೆದರೆ ಯಾರು ತಾನೇ ಹಾಗಾಗುವುದಿಲ್ಲ?

ಎರಡನೆಯದಕ್ಕೆ ಕೆಳಗಿನಿಂದ ಸ್ಪ್ಯಾನರ್ ತೂರುತ್ತಿರಲಿಲ್ಲ. ಎದ್ದು ಬಂದು, ಬಾನೆಟ್ ಕಡೆಯಿಂದ ಬಗ್ಗಿ, ಭುಜದ ತನಕ ಕೈ ಇಳಿಬಿಟ್ಟು, ಕುರುಡಾಗಿ ತಡಕಿ ಸ್ಪ್ಯಾನರ್ ಕೂರಿಸಿದೆ. ಎಳೆದೆ. ಜಗ್ಗಲಿಲ್ಲ. ಸ್ಪ್ಯಾನರಿಗೆ ಒಂದು ಪೈಪ್ ತೂರಿಸಿ ಉದ್ದ ಮಾಡಿಕೊಂಡು ಎಳೆದೆ. ಕಟಕ್! ಆಹಾ, ಬಂತು ಅಂದುಕೊಂಡೆ. ಬಂತು ನಿಜ. ಜೊತೆಗೆ ನಟ್ಟು ಸುತ್ತಿಕೊಂಡಿದ್ದ ಸ್ಟಡ್ಡೂ ಅರ್ಧ ಮುರಿದು ಬಂತು.

ಇಲ್ಲೊಂದು ವಿಷಯ ಹೇಳಬೇಕು. ಮನೆಯಲ್ಲಿ ನಾನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ನಟ್ಟು ನೆಲ ನೋಡಿಕೊಂಡಿತ್ತು. ಕೆಳಗೆ ಮಲಗಿ ನೋಡಿದರೆ ಎಡಕ್ಕೆ ತಿರುಗಿಸಿ ಬಿಚ್ಚಬೇಕು. ಮೇಲಿನಿಂದ ಬಗ್ಗಿ ನೋಡಿದರೆ ಅದೇ ಬಲಕ್ಕೆ ಆಗುತ್ತದೆ. ನಾನು ಮೇಲೆ ಬಂದೆ, ನನ್ನ ಎಡ ಮಾತ್ರ ಎಡವಾಗಿಯೇ ಉಳಿಯಿತು. 18 ವರ್ಷ ತುಕ್ಕು ಹಿಡಿದು ಕೂತಿದ್ದ ನಟ್ಟನ್ನು, ಪೈಪ್ ಬೇರೆ ಹಾಕಿಕೊಂಡು, ಮೈಯಲ್ಲಿದ್ದ ಶಕ್ತಿಯೆಲ್ಲ ಬಿಟ್ಟು ಬಿಗಿ ಮಾಡಿದ್ದೆ.

ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ಸಂಜೆ ವೆಲ್ಡಿಂಗ್ ಸಾಮಾನು ತಗೊಂಡು ಬಂದ. ಮುರಿದ ತುಂಡನ್ನು ನೋಡಿದ, ನನ್ನ ಹಣೆ ಮೇಲೆ ಇನ್ನೂ ಕೂತಿದ್ದ ಈಜು ಕನ್ನಡಕ ನೋಡಿದ.

"ಯಾವ ಕಡೆ ತಿರುಗಿಸಿದ್ರಿ ಸಾರ್?"

"ಆ ಕಡೆ," ಅಂದೆ.

"ಆ ಕಡೆ ಅಂದ್ರೆ?"

"ಅದೇ... ಬಿಚ್ಚೋ ಕಡೆ."

ಅವನು ಬೇರೇನೂ ಕೇಳಲಿಲ್ಲ. ಒಳ್ಳೆಯ ಹುಡುಗ ಅಂದುಕೊಂಡೆ. ಬ್ಯಾಟರಿ ಕನೆಕ್ಷನ್ ತೆಗೆದ. ಮ್ಯಾನಿಫೋಲ್ಡ್ ಬಿಚ್ಚಿ ಕೆಳಗಿಳಿಸಿದ. ಉಳಿದಿದ್ದ ಮೋಟು ತುಂಡಿನ ಮೇಲೆ ಒಂದು ಹೊಸ ನಟ್ಟಿಟ್ಟು, ಅದರ ತೂತಿನೊಳಗೆ ವೆಲ್ಡಿಂಗ್ ಹೊಡೆದು ಎರಡನ್ನೂ ಒಂದು ಮಾಡಿದ. ಕೆಂಪಗೆ ಕಾದದ್ದು ಸ್ವಲ್ಪ ಆರಲಿ ಅಂತ ಒಂದು ಬೀಡಿ ಮುಗಿಸಿದ. ಆಮೇಲೆ ಸ್ಪ್ಯಾನರ್ ಹಾಕಿ, ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ, ಮಗುವನ್ನು ತೂಗಿದ ಹಾಗೆ ಆಡಿಸಿದ. ಆ ಕಾವಿಗೇ ತುಕ್ಕು ಹಿಡಿತ ಬಿಟ್ಟಿತ್ತು. ಬೆಣ್ಣೆಯಿಂದ ಬಂದ ಹಾಗೆ ಬಂತು.

ಮ್ಯಾನಿಫೋಲ್ಡ್ ಬಿಚ್ಚಿದ ಮೇಲೆ ಎಂಜಿನ್ ಕಡೆಯ ಪ್ಯಾಕಿಂಗೂ ಹೊಸದು ಹಾಕಲೇಬೇಕಂತೆ. ಅದೂ ಸೇರಿ, ಭಾನುವಾರದ ರೇಟೂ ಸೇರಿ 2800 ಆಯಿತು. ಹಳೇ ಪ್ಯಾಕಿಂಗ್ ಕೆರೆದು ತೆಗೆಯುವ ಕೆಲಸ ನಾನು ಮಾಡ್ತೀನಿ ಅಂದೆ. "ನೀವು ಕಾಫಿ ಕುಡೀರಿ ಸಾರ್," ಅಂದ. ಒಳಗೆ ಹೋಗಿ ಕುಕ್ಕರ್ ಗ್ಯಾಸ್ಕೆಟ್ ಹಾಕಿದೆ. ಆ ಭಾನುವಾರ ನನ್ನ ಕೈಯಿಂದ ಸರಿಯಾಗಿ ಕೂತ ಗ್ಯಾಸ್ಕೆಟ್ ಅದೊಂದೇ. ಅದಕ್ಕೂ ಅಮ್ಮ ಒಂದು ಸಲ ತೆಗೆದು ಹಾಕಿ ನೋಡಿದರು.

ಸೋಮವಾರ ಆಫೀಸಿಗೆ ಹೋದೆ. ಎಂಥ ಕಾರು ಅಂತೀರಿ! ಎಂಜಿನ್ ಓಡುತ್ತಿದೆಯೋ ಇಲ್ಲವೋ ಅಂತ ಸಿಗ್ನಲ್ಲಿನಲ್ಲಿ ಎರಡು ಸಲ ಕೀ ತಿರುಗಿಸಿ ಕಿರ್ರ್ ಅನ್ನಿಸಿದೆ. ರೇಡಿಯೋದಲ್ಲಿ ಹಾಡಿನ ಸಾಹಿತ್ಯ ಕೇಳಿಸಿತು. ಸಂಜೆ ಹಾಲಿನ ಬೂತ್ ಹತ್ತಿರ ತಿರುಗಿದಾಗ ಬೀದಿ ನಾಯಿ ಕೂಡ ತಲೆ ಎತ್ತಲಿಲ್ಲ. ಗೇಟಿನ ಮುಂದೆ ಮೆಲ್ಲಗೆ ನಿಲ್ಲಿಸಿದೆ. ಒಳಗೆ ಟೀವಿ ಜೋರಾಗಿ ಓಡುತ್ತಿತ್ತು. ಕಾಂಪೌಂಡಿನ ಆ ಕಡೆ ಹೆಂಡತಿ, ಅಮ್ಮ, ಮೇಷ್ಟ್ರ ಹೆಂಡತಿ ಮೂವರೂ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಬಿಚ್ಚಕ್ಕೆ ಹೋಗಿ ಬಿಗಿ ಮಾಡಿದ್ರಂತೆ ರೀ," ಅಂದಳು ಹೆಂಡತಿ. "ಪೈಪ್ ಬೇರೆ ಹಾಕ್ಕೊಂಡು! ಆ ಹುಡುಗ ಹೋಗುವಾಗ ಹೇಳ್ದ. ಅಕ್ಕ, ನಾನು ಹೇಳ್ದೆ ಅನ್ಬೇಡಿ, ಸಾರ್ ಬೇಜಾರ್ ಮಾಡ್ಕೋತಾರೆ ಅಂದ."

"ಚಿಕ್ಕೋನಿದ್ದಾಗ ನಲ್ಲಿನೂ ಹಂಗೇ ಮುರಿದಿದ್ದ," ಅಂದರು ಅಮ್ಮ.

ಮೇಷ್ಟ್ರ ಹೆಂಡತಿ ನಕ್ಕು ನಕ್ಕು ಮೊರ ಕೆಳಗಿಟ್ಟರು.

ಕಾರನ್ನು ಹಾಗೇ ಸದ್ದಿಲ್ಲದೆ ರಿವರ್ಸ್ ತೆಗೆದೆ. ಹಾಲಿನ ಬೂತ್ ತನಕ ಹೋಗಿ, ಅಲ್ಲಿಂದ ಹಾರ್ನ್ ಹೊಡೆದುಕೊಂಡು ಬಂದೆ.